ಮೂರಡಿ ಎತ್ತರದಿಂದ ಕಂಡ ಅನಾಥಾಲಯಗಳು

ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಕೇಳಿದ್ದಾರೆ. ಕ್ಯಾಂಟೀನು, ಸಬ್‌ಮಿಷನ್ ಹಿಂದಿನ ರಾತ್ರಿಗಳು, ಜ್ಯೂರಿಯಲ್ಲಿ ಬೈಸಿಕೊಂಡಿದ್ದು, ಇದನ್ನೆಲ್ಲ ಬರೆಯಲು ನಮ್ಮ ಬ್ಯಾಚಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದನ್ನು ಅವರಿಗೇ ಬಿಟ್ಟೆ. ನನಗೆ ಬರೆಯಬೇಕು ಅನಿಸಿದ್ದು ಆರ್ಕಿಟೆಕ್ಚರ್ ಮೂರನೇ ವರ್ಷದ ಇತಿಹಾಸ ಪೇಪರಿನ ಒಂದು ಅಸೈನ್‌ಮೆಂಟ್ ಬಗ್ಗೆ. ವಿಷಯ, ಕ್ಯಾಥೊಲಿಕ್ ಅನಾಥಾಲಯಗಳ ಕಟ್ಟಡಗಳು.

ಆ ವಿಷಯ ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಕೆಥೆಡ್ರಲ್ ಬೇಕು, ಇಲ್ಲವೇ ಅರಮನೆ. ನಾವೆಲ್ಲ ಗೊಣಗಿದ್ದು ಇತಿಹಾಸ ಪಾಠ ಮಾಡುತ್ತಿದ್ದ ಮೇಡಂ ಕಿವಿಗೆ ಬಿತ್ತು. "ಕೆಥೆಡ್ರಲ್ ಬಗ್ಗೆ ಲೈಬ್ರರಿ ತುಂಬ ಪುಸ್ತಕ ಇದೆ, ನೀವು ಕಾಪಿ ಹೊಡೀತೀರಿ. ಇದಕ್ಕಾದ್ರೆ ಕಾಪಿ ಹೊಡೆಯೋಕೂ ಹುಡುಕಬೇಕು, ಹುಡುಕುವಷ್ಟರಲ್ಲಿ ಒಂದಿಷ್ಟು ಓದಿರ್ತೀರಿ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಗುಂಪಿಗೊಂದು ಕಟ್ಟಡ ಹಂಚಿದರು. ಪ್ಲ್ಯಾನು, ಸೆಕ್ಷನ್ನು (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿ ಒಳಗನ್ನು ತೋರಿಸುವ ಚಿತ್ರ), ಜೊತೆಗೆ ಎರಡು ಪುಟ ಬರಹ.

ನಮ್ಮ ಗುಂಪಿಗೆ ಫ್ಲಾರೆನ್ಸ್ ನಗರದ ಒಸ್ಪೆಡಾಲೆ ದೆಲ್ಯಿ ಇನ್ನೊಸೆಂಟಿ ಎಂಬ ಅನಾಥಾಲಯ ಬಂತು. ಅದೃಷ್ಟ ಎಂದುಕೊಂಡೆವು, ಯಾಕೆಂದರೆ ಅದು ಹೆಸರಾಂತ ಆರ್ಕಿಟೆಕ್ಟ್ ಬ್ರುನೆಲೆಸ್ಕಿಯದು, ಪಠ್ಯದಲ್ಲೇ ಇದೆ. 1419ರಲ್ಲಿ ಕೆಲಸ ಶುರು. ಕಟ್ಟಿಸಿದ್ದು ಚರ್ಚ್ ಅಲ್ಲ, ರೇಷ್ಮೆ ವ್ಯಾಪಾರಿಗಳ ಸಂಘ. ಪ್ರಾತೊ ಎಂಬ ಊರಿನ ವ್ಯಾಪಾರಿ ಫ್ರಾನ್ಸೆಸ್ಕೊ ದಾತಿನಿ 1410ರಲ್ಲಿ ಸಾಯುವಾಗ ಇದಕ್ಕಾಗಿ ಸಾವಿರ ಚಿನ್ನದ ನಾಣ್ಯ ಬರೆದಿಟ್ಟಿದ್ದ. ಬ್ರುನೆಲೆಸ್ಕಿ ಅಕ್ಕಸಾಲಿಗ, ಅಕ್ಕಸಾಲಿಗರೂ ಅದೇ ಸಂಘಕ್ಕೆ ಸೇರಿದವರು, ಹಾಗಾಗಿ ಕೆಲಸ ಅವನ ಕೈಗೆ ಹೋಯಿತು. ಮುಂದಿನ ವರ್ಷವೇ ಆ ಊರಿನ ಕೆಥೆಡ್ರಲ್ ಮೇಲಿನ ಅವನ ಜಗತ್ಪ್ರಸಿದ್ಧ ಗುಮ್ಮಟದ ಕೆಲಸವೂ ಆರಂಭವಾಗಿದ್ದರಿಂದ ಮನುಷ್ಯ ಎಷ್ಟು ಬ್ಯುಸಿ ಇದ್ದ ಅಂತ ನೀವೇ ಊಹಿಸಿ. 1427ರ ಹೊತ್ತಿಗೆ ಇಲ್ಲಿಂದ ಕೈ ತೊಳೆದುಕೊಂಡ, ಉಳಿದದ್ದನ್ನು ಬೇರೆಯವರು ಮುಗಿಸಿದರು.

ಮುಂಭಾಗದ ಮೊಗಸಾಲೆಯಲ್ಲಿ ಒಂಬತ್ತು ಕಮಾನುಗಳು. ಕಂಬದ ಎತ್ತರ, ಕಂಬದಿಂದ ಕಂಬಕ್ಕೆ ಇರುವ ಅಂತರ, ಕಂಬದಿಂದ ಹಿಂದಿನ ಗೋಡೆಗೆ ಇರುವ ಅಂತರ, ಮೂರೂ ಒಂದೇ. ಸುಮಾರು ಆರು ಮೀಟರ್. ಅಂದರೆ ಘನಾಕಾರದ ಖಾಲಿ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದ ಲೆಕ್ಕ. ಕಮಾನುಗಳ ಮಧ್ಯೆ ಆಂದ್ರೆಯಾ ದೆಲ್ಲಾ ರೊಬ್ಬಿಯಾ 1487ರ ಸುಮಾರಿಗೆ ಮಾಡಿದ ದುಂಡನೆಯ ಮಣ್ಣಿನ ಫಲಕಗಳಿವೆ. ನೀಲಿ ಹಿನ್ನೆಲೆ, ಬಟ್ಟೆ ಸುತ್ತಿದ ಬಿಳಿ ಮಗು, ಎರಡೂ ಕೈ ಚಾಚಿಕೊಂಡಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಲಾಂಛನ ಬಂದದ್ದು ಇದರಿಂದಲೇ.

ನಾವು ಇದನ್ನೆಲ್ಲ ಜೋರಾಗಿ ಬಿಡಿಸಿದೆವು. ಸೆಕ್ಷನ್ ಡ್ರಾಯಿಂಗ್‌ನಲ್ಲಿ ಅಳತೆ ಗೊತ್ತಾಗಲಿ ಅಂತ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ನಮ್ಮ ಕಸುಬಿನ ರೂಢಿ ಅಲ್ವಾ, ಕೋಟು ಹಾಕಿಕೊಂಡು ಬ್ರೀಫ್‌ಕೇಸ್ ಹಿಡಿದಿರುವ ಆರಡಿಯ ಗಂಡಸು. ನಾವೂ ಅವನನ್ನೇ ಮೊಗಸಾಲೆಯಲ್ಲಿ ನಿಲ್ಲಿಸಿದ್ದೆವು. ಮೇಡಂ ಶೀಟ್ ನೋಡಿದರು. "ಇವನು ಯಾರಪ್ಪಾ?" ಎಂದು ಕೇಳಿದರು. "ಸ್ಕೇಲ್ ಫಿಗರ್ ಮೇಡಂ." "ಅದು ಗೊತ್ತು. ಅನಾಥಾಲಯದಲ್ಲಿ ಇವನಿಗೇನು ಕೆಲಸ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬ್ಲೇಡ್ ತೆಗೆದುಕೊಂಡು ಅವರೇ ಅವನನ್ನು ಟ್ರೇಸಿಂಗ್ ಶೀಟಿನಿಂದ ಕೆರೆದು ತೆಗೆದರು, ಅದೇ ಜಾಗದಲ್ಲಿ ಪೆನ್ಸಿಲ್‌ನಿಂದ ಮೂರಡಿಯ ಒಂದು ಮಗುವನ್ನು ಬರೆದರು, ಚಂದವೇನೂ ಇರಲಿಲ್ಲ, ತಲೆಗೊಂದು ಸೊನ್ನೆ, ಕೆಳಗೊಂದು ಗೀಟು. "ಈಗ ಹೇಳಿ, ಇದು ಯಾವ ಬಾಗಿಲಿಂದ ಒಳಗೆ ಬಂತು? ಎಲ್ಲಿ ಮಲಗುತ್ತೆ? ಕಿಟಕಿಯಿಂದ ಇದಕ್ಕೆ ಏನು ಕಾಣುತ್ತೆ?" ಪ್ರತಿ ಗುಂಪಿಗೂ ಇದೇ ಪ್ರಶ್ನೆ, ಎಲ್ಲರ ಶೀಟಿನ ಮೇಲೂ ಅದೇ ಸೊನ್ನೆ ಮತ್ತು ಗೀಟು.

ಮೊದಲ ಪ್ರಶ್ನೆಗೆ ಉತ್ತರ ಹುಡುಕುವಾಗ ನಮಗೆ ಗೊತ್ತಾಗಿದ್ದು, ಮಗು ಆ ಸುಂದರವಾದ ಮುಂಬಾಗಿಲಿಂದ ಬರುತ್ತಲೇ ಇರಲಿಲ್ಲ. ಮೊಗಸಾಲೆಯ ಎಡತುದಿಯಲ್ಲಿ, ಗಮನಿಸದಿದ್ದರೆ ಕಣ್ಣಿಗೇ ಬೀಳದಂಥ ಜಾಗದಲ್ಲಿ, ಕಬ್ಬಿಣದ ಸರಳು ಹಾಕಿದ ಒಂದು ಸಣ್ಣ ಕಿಂಡಿ ಇದೆ. ಮೊದಲ ಕಾಲದಲ್ಲಿ ಮಗುವನ್ನು ಇಡಲು ಕಲ್ಲಿನ ಬಾನಿಯಂಥದ್ದೊಂದು ಇತ್ತು, ಕಿಂಡಿ ಮಾಡಿದ್ದು ಆಮೇಲೆ. ಸರಳುಗಳ ನಡುವೆ ಹಸುಗೂಸು ಮಾತ್ರ ತೂರುವಷ್ಟು ಜಾಗ, ದೊಡ್ಡ ಮಕ್ಕಳನ್ನು ತಂದು ತುರುಕಬಾರದು ಅಂತ. ಕಟ್ಟಡಕ್ಕೆ ಬಂದ ಮೊದಲ ಮಗು ಒಂದು ಹೆಣ್ಣು, 1445ರ ಫೆಬ್ರವರಿ 5ರಂದು. ಅದು ಸಂತ ಅಗಾಥಾಳ ಹಬ್ಬದ ದಿನ, ಅದಕ್ಕೇ ಅಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು. ಆ ಕಿಂಡಿ ಮುಚ್ಚಿದ್ದು 1875ರಲ್ಲಿ. ನಾಲ್ಕು ಶತಮಾನ ದಾಟಿ ಮಕ್ಕಳು ಅಲ್ಲಿಗೆ ಬಂದಿದ್ದಾರೆ.

ಬಂದವರು ಆ ಕಟ್ಟಡದಲ್ಲೇ ಬೆಳೆದರು ಅಂದುಕೊಳ್ಳಬೇಡಿ. ಹಸುಗೂಸುಗಳನ್ನು ಹಳ್ಳಿಗಳಲ್ಲಿ ಎದೆಹಾಲು ಕೊಡುವ ಹೆಂಗಸರ ಹತ್ತಿರ ಕಳಿಸುತ್ತಿದ್ದರು, ಸಂಬಳಕ್ಕೆ. ಎಷ್ಟೋ ಕೂಸುಗಳು ಅಲ್ಲೇ ತೀರಿಕೊಳ್ಳುತ್ತಿದ್ದವು. ಬದುಕಿದವು ಕೆಲವು ವರ್ಷಗಳ ನಂತರ ವಾಪಸ್ ಬರುತ್ತಿದ್ದವು, ಗಂಡುಹುಡುಗರು ಯಾವುದಾದರೂ ಕಸುಬಿಗೆ ಸೇರಿ ಹೊರಗೆ ಹೋಗುತ್ತಿದ್ದರು, ಹುಡುಗಿಯರು ಮದುವೆ ಆಗುವವರೆಗೆ ಒಳಗೇ. ವರದಕ್ಷಿಣೆ ಹೊಂದದಿದ್ದರೆ ಮುದುಕಿ ಆಗುವವರೆಗೂ ಒಳಗೇ. ಪ್ಲ್ಯಾನ್‌ನಲ್ಲಿ ಎರಡು ಅಂಗಳಗಳಿವೆ, ಒಂದು ಗಂಡಸರದು, ಅಗಲವಾಗಿದೆ. ಇನ್ನೊಂದು ಹೆಂಗಸರದು, ಉದ್ದಕ್ಕೆ, ಕಿರಿದಾಗಿ, ಸಣಕಲು ಕಂಬಗಳ ಸಾಲಿನ ನಡುವೆ. ಹೆಂಗಸರ ಅಂಗಳ ಫೋಟೊಗಳಲ್ಲಿ ಬಹಳ ಚಂದ ಕಾಣುತ್ತದೆ. ಜೀವಮಾನವಿಡೀ ಅದನ್ನೇ ನೋಡಬೇಕಾದವರಿಗೆ ಹೇಗೆ ಕಾಣುತ್ತಿತ್ತೋ.

ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದಮೇಲೆ ಫ್ಲಾರೆನ್ಸ್‌ಗೆ ಹೋಗುವ ಅವಕಾಶ ಸಿಕ್ಕಿತು. ಅಲ್ಲಿ ಈಗ ಮ್ಯೂಸಿಯಂ ಇದೆ, ಹೊಸ ರೂಪದಲ್ಲಿ 2016ರಲ್ಲಿ ತೆರೆದಿದ್ದು. ನನಗೆ ಕಂಬಕ್ಕಿಂತ ಜಾಸ್ತಿ ನೆನಪಿರೋದು ಗೋಡೆಯಲ್ಲಿರುವ ಸಣ್ಣ ಸಣ್ಣ ಡ್ರಾಯರ್‌ಗಳು. ಒಂದೊಂದರ ಮೇಲೂ ಒಂದು ಮಗುವಿನ ಹೆಸರು. ಎಳೆದರೆ ಒಳಗೆ ಅರ್ಧ ಮುರಿದ ಪದಕ, ತುಂಡು ನಾಣ್ಯ, ಮಣಿ, ದಾರ. ಮಗುವಿನ ಜೊತೆ ಇಟ್ಟು ಹೋದ ಗುರುತು. ಇನ್ನರ್ಧ ತಾಯಿಯ ಹತ್ತಿರ ಇರುತ್ತಿತ್ತು, ಮುಂದೆ ಯಾವತ್ತಾದರೂ ಕೈಯಲ್ಲಿ ಕಾಸಾದಾಗ ಬಂದು ಎರಡೂ ತುಂಡು ಹೊಂದಿಸಿ ತೋರಿಸಿ ಕರೆದುಕೊಂಡು ಹೋಗಲಿಕ್ಕೆ. ಡ್ರಾಯರ್‌ನಲ್ಲಿ ಇನ್ನೂ ಅರ್ಧವೇ ಇದೆ ಅಂದರೆ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ಒಂದು ವಿಷಯ, ಅನಾಥಾಲಯ ಎಂದು ನಾವು ಸಲೀಸಾಗಿ ಹೇಳುತ್ತೇವೆ, ಆದರೆ ಇಲ್ಲಿ ಬಂದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಪ್ಪ ಅಮ್ಮ ಇಬ್ಬರೂ ಬದುಕಿದ್ದರು. ಬಡತನ, ಇಲ್ಲವೇ ಮದುವೆಯಾಗದೆ ಹುಟ್ಟಿದ ಮಗು.

ಪಕ್ಕದ ಗುಂಪಿನವರಿಗೆ ರೋಮ್ ಬಂದಿತ್ತು. ಸಾಂತೊ ಸ್ಪಿರಿತೊ ಆಸ್ಪತ್ರೆ, ಪೋಪ್ ಮೂರನೇ ಇನ್ನೊಸೆಂಟ್ ಕಾಲದ್ದು, ಅಂದರೆ 1200ರ ಆಸುಪಾಸು. ಟೈಬರ್ ನದಿಯಲ್ಲಿ ಬಲೆ ಹಾಕಿದ ಮೀನುಗಾರರಿಗೆ ಮೀನಿನ ಬದಲು ಮುಳುಗಿಸಿದ ಕೂಸುಗಳು ಸಿಕ್ಕವು, ಅದನ್ನು ನೋಡಿ ಪೋಪ್ ಇದನ್ನು ಕಟ್ಟಿಸಿದರು ಎಂದು ಕಥೆ. ಕಥೆಯೋ ನಿಜವೋ, 1470ರ ದಶಕದಲ್ಲಿ ನಾಲ್ಕನೇ ಸಿಕ್ಸ್ಟಸ್ ಪೋಪ್ ಕಟ್ಟಡವನ್ನು ಹೊಸದಾಗಿ ಕಟ್ಟಿಸಿದಾಗ ಈ ಪ್ರಸಂಗವನ್ನು ವಾರ್ಡಿನ ಗೋಡೆಯ ಮೇಲೆ ಚಿತ್ರ ಬರೆಸಿದರು. ಸುಮಾರು 120 ಮೀಟರ್ ಉದ್ದದ ಹಾಲ್, ಮಧ್ಯೆ ಎಂಟು ಮೂಲೆಯ ಗೋಪುರ. ಬಾಗಿಲ ಪಕ್ಕದಲ್ಲಿ ತಿರುಗುವ ತೊಟ್ಟಿಲಿನ ಜಾಗ ಇವತ್ತಿಗೂ ಇದೆ.

ಈ ತಿರುಗುವ ತೊಟ್ಟಿಲನ್ನು ಸ್ವಲ್ಪ ವಿವರಿಸುತ್ತೇನೆ, ಯಾಕೆಂದರೆ ಯುರೋಪಿನ ಅನಾಥಾಲಯಗಳ ಇತಿಹಾಸ ಅಂದರೆ ಮುಕ್ಕಾಲು ಪಾಲು ಇದರ ಇತಿಹಾಸವೇ. ಗೋಡೆಯಲ್ಲಿ ಒಂದು ತೂತು. ಅದರಲ್ಲಿ ನಿಂತ ಮರದ ಪೀಪಾಯಿ, ಒಂದು ಕಡೆ ಮಾತ್ರ ಬಾಯಿ. ಬೀದಿ ಕಡೆಯಿಂದ ಮಗುವನ್ನು ಇಟ್ಟು, ತಿರುಗಿಸಿ, ಗಂಟೆ ಎಳೆದು ಹೋಗಿಬಿಡುವುದು. ಒಳಗೆ ಕಾದಿರುವವರು ಮಗುವನ್ನು ಎತ್ತಿಕೊಳ್ಳುವುದು. ಇಟ್ಟವರ ಮುಖ ಇವರಿಗೆ ಕಾಣದು, ಇವರ ಮುಖ ಅವರಿಗೆ ಕಾಣದು. ಹೊರಗಿನವರನ್ನು ನೋಡಬಾರದು ಎಂಬ ವ್ರತ ಇರುವ ಸನ್ಯಾಸಿನಿಯರ ಮಠಗಳಲ್ಲಿ ಸಾಮಾನು ಒಳಗೆ ತೆಗೆದುಕೊಳ್ಳಲು ಇಂಥದ್ದೇ ಏರ್ಪಾಡು ಇತ್ತು. ಅದನ್ನೇ ಮಕ್ಕಳಿಗೂ ಹೊಂದಿಸಿದರು. 1811ರಲ್ಲಿ ನೆಪೋಲಿಯನ್ ಇದನ್ನು ಫ್ರಾನ್ಸ್‌ನಲ್ಲಿ ಸರ್ಕಾರಿ ನಿಯಮವನ್ನಾಗಿಯೇ ಮಾಡಿದ. ಆಮೇಲೆ ಬರುವ ಮಕ್ಕಳ ಸಂಖ್ಯೆ ಕೈಮೀರಿ ಹೋಗಿ, 19ನೇ ಶತಮಾನ ಮುಗಿಯುವುದರೊಳಗೆ ಒಂದೊಂದಾಗಿ ಮುಚ್ಚುತ್ತ ಬಂದರು.

ವೆನಿಸ್ ಗುಂಪಿನವರು ಮಾತ್ರ ಮಜವಾಗಿದ್ದರು, ಅವರಿಗೆ ಸಂಗೀತ ಕೇಳೋದೂ ಅಸೈನ್‌ಮೆಂಟ್. ಪಿಯೆತಾ ಎಂಬ ಅನಾಥಾಲಯ, 1346ರಲ್ಲಿ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿ ಶುರುಮಾಡಿದ್ದು. 1703ರಲ್ಲಿ ಅಲ್ಲಿ ಪಿಟೀಲು ಮೇಷ್ಟ್ರಾಗಿ ಸೇರಿದವನು ಪಾದ್ರಿ ಆಂಟೋನಿಯೊ ವಿವಾಲ್ಡಿ. ಅವನ ಎಷ್ಟೋ ರಚನೆಗಳನ್ನು ಮೊದಲು ನುಡಿಸಿದ್ದು ಈ ಹುಡುಗಿಯರೇ. ಊರಿಗೆ ಊರೇ ಕೇಳಲು ಬರುತ್ತಿತ್ತು. ಆದರೆ ಹುಡುಗಿಯರು ನುಡಿಸುತ್ತಿದ್ದದ್ದು ಮೇಲಿನ ಗ್ಯಾಲರಿಯಲ್ಲಿ, ಕಬ್ಬಿಣದ ಜಾಲರಿಯ ಹಿಂದೆ. ಇಂಥದ್ದೇ ಇನ್ನೊಂದು ಸಂಸ್ಥೆ ಮೆಂಡಿಕಾಂತಿ, ಅಲ್ಲಿ ಹಾಡು ಕೇಳಿದ ಫ್ರೆಂಚ್ ತತ್ವಜ್ಞಾನಿ ರೂಸೊ ಈ ಹಾಳು ಜಾಲರಿ ನನಗೆ ಮುಖ ಕಾಣದ ಹಾಗೆ ಮಾಡಿದೆ ಎಂದು ಪರದಾಡಿದ್ದನ್ನು ತಾನೇ ಬರೆದುಕೊಂಡಿದ್ದಾನೆ. ಅದೇ ಮನುಷ್ಯ ಮುಂದೆ ಪ್ಯಾರಿಸ್‌ನಲ್ಲಿ ತನ್ನ ಐದೂ ಮಕ್ಕಳನ್ನು ಹುಟ್ಟಿದ ಕೂಡಲೇ ಅನಾಥಾಲಯಕ್ಕೆ ಕಳಿಸಿದ. ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ದಪ್ಪ ಪುಸ್ತಕ ಬರೆದವನೂ ಅವನೇ! ನಮ್ಮ ಕ್ಲಾಸಿನಲ್ಲಿ ಇದನ್ನು ಕೇಳಿ ಎದ್ದ ಗದ್ದಲ ಪಕ್ಕದ ಸ್ಟುಡಿಯೊಗೂ ಕೇಳಿತ್ತು.

ಪಿಯೆತಾ ಪಕ್ಕದ ಓಣಿಯ ಗೋಡೆಯಲ್ಲಿ ಒಂದು ಕಲ್ಲಿನ ಬರಹ ಇದೆ, 1548ರದು. ಸಾಕುವ ಶಕ್ತಿ ಇದ್ದೂ ಮಕ್ಕಳನ್ನು ಇಲ್ಲಿ ಬಿಟ್ಟುಹೋಗುವವರಿಗೆ ದೇವರ ಶಾಪ, ಧರ್ಮದಿಂದ ಬಹಿಷ್ಕಾರ ಎಂದು ಪೋಪ್ ಆಜ್ಞೆಯನ್ನೇ ಉಲ್ಲೇಖಿಸಿ ಬೆದರಿಸುತ್ತದೆ. ಅಂದರೆ ಒಂದು ಗೋಡೆಯಲ್ಲಿ ಮಗು ಬಿಡಲು ಜಾಗ, ಅದೇ ಕಟ್ಟಡದ ಇನ್ನೊಂದು ಗೋಡೆಯಲ್ಲಿ ಬಿಟ್ಟರೆ ಶಾಪ. ಆ ಗುಂಪಿನವರು ಎರಡನ್ನೂ, ಕಟ್ಟಡವನ್ನು ಹೊರಗಿನಿಂದ ನೇರ ನೋಡಿದಂತೆ ಬಿಡಿಸುವ ಒಂದೇ ಎಲಿವೇಷನ್‌ನಲ್ಲಿ ತೋರಿಸಿದ್ದರು. ಮೇಡಂ ಕಡೆಯಿಂದ ಹೊಗಳಿಕೆ ಬರೋದು ಅಪರೂಪ, ಅವರಿಗೆ ಸಿಕ್ಕಿತು.

ಪ್ಯಾರಿಸ್ ಗುಂಪಿನದು ಬೇಗ ಮುಗಿಸುತ್ತೇನೆ. ವಿನ್ಸೆಂಟ್ ದಿ ಪಾಲ್ ಮತ್ತು ಲೂಯಿಸ್ ದ ಮಾರಿಯಾಕ್ 1633ರಲ್ಲಿ ಕಟ್ಟಿದ ಸಿಸ್ಟರ್‌ಗಳ ಸಂಘ 1638ರಿಂದ ಬೀದಿಪಾಲಾದ ಕೂಸುಗಳನ್ನು ನೋಡಿಕೊಳ್ಳತೊಡಗಿತು. ಜಾಗ ಸಾಲದೆ ಊರ ಹೊರಗಿನ ಬಿಸೆತ್ರ್ ಎಂಬ ಹಳೆಯ ಕೋಟೆಮನೆ ಕೊಟ್ಟರು. ದೊಡ್ಡದು, ಆದರೆ ಅಲ್ಲಿನ ಗಾಳಿ ಕೂಸುಗಳಿಗೆ ಆಗಿಬರಲಿಲ್ಲ, ಕೆಲವೇ ವರ್ಷಗಳಲ್ಲಿ ಖಾಲಿ ಮಾಡಿದರು. ಖಾಲಿ ಬಿದ್ದಿರುವ ಕಟ್ಟಡ ಇದೆಯಲ್ಲ, ಮಕ್ಕಳಿಗೆ ಕೊಡೋಣ ಅನ್ನುವ ಯೋಚನೆ ಈಗಲೂ ಇದೆ. ಕ್ಲೈಂಟ್‌ಗಳು ಹಾಗೆ ಹೇಳಿದಾಗಲೆಲ್ಲ ನನಗೆ ಬಿಸೆತ್ರ್ ನೆನಪಾಗುತ್ತದೆ.

ಎಲ್ಲವೂ ದೊಡ್ಡ ಕಟ್ಟಡಗಳಲ್ಲ. ಅನಾಥ ಮಕ್ಕಳ ಪಾಲಕ ಸಂತ ಎಂದು 1928ರಲ್ಲಿ ಪೋಪ್ ಘೋಷಿಸಿದ ಜಿರೊಲಮೊ ಎಮಿಲಿಯಾನಿ ವೆನಿಸ್‌ನ ಸೈನಿಕ, ಸೆರೆ ಸಿಕ್ಕಿ ಬಿಡುಗಡೆಯಾದವನು. ಅವನು ಮಕ್ಕಳನ್ನು ಸಾಮಾನ್ಯ ಮನೆಗಳಲ್ಲಿ ಇಟ್ಟುಕೊಂಡು ಕಸುಬು ಕಲಿಸುತ್ತಿದ್ದ, 1537ರಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಪ್ಲೇಗ್ ತಗುಲಿ ಸತ್ತ. ಪಾದ್ರಿ ಡಾನ್ ಬಾಸ್ಕೊ ಅವರದ್ದಂತೂ ಕಟ್ಟಡ ಎಂದು ಕರೆಯಲೂ ಆಗದ್ದು. 1846ರಲ್ಲಿ ಟ್ಯೂರಿನ್ ನಗರದ ಅಂಚಿನಲ್ಲಿ ಬಾಡಿಗೆಗೆ ಸಿಕ್ಕ ಒಂದು ಶೆಡ್. ಮಾಡು ಎಷ್ಟು ತಗ್ಗಾಗಿತ್ತೆಂದರೆ ನೆಲ ಅಗೆದು ಎತ್ತರ ಮಾಡಿಕೊಳ್ಳಬೇಕಾಯಿತು. ಆರ್ಚ್‌ಬಿಷಪ್ ಬಂದಾಗ ಅವರ ಎತ್ತರದ ಟೋಪಿ ಛಾವಣಿಗೆ ತಾಗಿತಂತೆ. ಮುಂದೆ 1847ರಲ್ಲಿ ಅಪ್ಪ ಅಮ್ಮ ಇಲ್ಲದ ಒಬ್ಬ ಹುಡುಗ ಮಳೆಯಲ್ಲಿ ನೆನೆದುಕೊಂಡು ಬಂದ, ಡಾನ್ ಬಾಸ್ಕೊ ತಾಯಿ ಮಾರ್ಗರಿತಾ ಅವನಿಗೆ ಅಡುಗೆಮನೆಯಲ್ಲೇ ಹಾಸಿಗೆ ಹಾಕಿದರು. ಅದಕ್ಕೂ ಮುಂಚೆ ಅಟ್ಟದಲ್ಲಿ ಮಲಗಲು ಜಾಗ ಕೊಟ್ಟ ಹುಡುಗರು ಬೆಳಗಾಗುವಷ್ಟರಲ್ಲಿ ಹೊದಿಕೆ ಸಮೇತ ಪರಾರಿ! ಆದರೂ ಆಕೆ ಮತ್ತೊಬ್ಬನಿಗೆ ಬಾಗಿಲು ತೆಗೆದರು ನೋಡಿ. ಆ ಶೀಟಿನಲ್ಲಿ ಮೇಡಂ ತಮ್ಮ ಸೊನ್ನೆ-ಗೀಟಿನ ಮಗುವನ್ನು ಬರೆಯಲೇ ಇಲ್ಲ. "ಇಲ್ಲಿ ಬೇಡ, ಇಲ್ಲಿ ದೊಡ್ಡವರೇ ಬಗ್ಗಿ ಬರಬೇಕು" ಅಂದರು.

ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಟ್ಟಡ ಮೆಕ್ಸಿಕೊದ್ದು. ಗ್ವಾದಲಹಾರಾ ನಗರದ ಹೊಸ್ಪೀಸಿಯೊ ಕಬಾನ್ಯಾಸ್. ಇನ್ನೊಸೆಂಟಿಗಿಂತ ಒಳ್ಳೆಯದು ಅಂದರೆ ಇತಿಹಾಸದ ಮೇಷ್ಟ್ರುಗಳು ಜಗಳಕ್ಕೆ ಬರಬಹುದು, ಬರಲಿ. ಬಿಷಪ್ ಹುವಾನ್ ರೂಯಿಸ್ ದ ಕಬಾನ್ಯಾಸ್ ಮುಂದೆ ನಿಂತು ಮಾಡಿಸಿದ್ದು, ವಿನ್ಯಾಸ ಮಾನುಯೆಲ್ ತೊಲ್ಸಾ ಎಂಬವನದು, 1805ರಲ್ಲಿ ಆರಂಭ. ಅನಾಥ ಮಕ್ಕಳು, ಮುದುಕರು, ಅಂಗವಿಕಲರು, ವಾಸಿಯಾಗದ ಕಾಯಿಲೆಯವರು ಎಲ್ಲರಿಗೂ ಒಂದೇ ಜಾಗ. 164 ಮೀಟರಿಗೆ 145 ಮೀಟರ್, ಅಷ್ಟು ದೊಡ್ಡದು. ಆದರೆ ಪ್ರಾರ್ಥನಾ ಮಂದಿರ, ಅಡುಗೆಮನೆಯಂಥ ಒಂದೆರಡನ್ನು ಬಿಟ್ಟರೆ ಎಲ್ಲವೂ ಒಂದೇ ಅಂತಸ್ತು. ಮೆಟ್ಟಿಲು ಹತ್ತುವ ಹಾಗಿಲ್ಲ. ಕುಂಟುವವರು, ಕೋಲು ಹಿಡಿದವರು, ಈಗಷ್ಟೇ ನಡೆಯಲು ಕಲಿತ ಮಕ್ಕಳು, ಎಲ್ಲರೂ ಅಂಗಳದಿಂದ ಅಂಗಳಕ್ಕೆ ಸಲೀಸಾಗಿ ಹೋಗಬಹುದು. ಅಂಗಳಗಳೋ, 23! ಸಾವಿರಾರು ಜನ ಇರುವ ಸಂಸ್ಥೆಯನ್ನು ಸಣ್ಣ ಸಣ್ಣ ಅಂಗಳಗಳಾಗಿ ಒಡೆದುಬಿಟ್ಟರೆ ಪ್ರತಿ ಮಗುವಿಗೂ ತನ್ನದು ಎನ್ನುವ ಒಂದು ಮೂಲೆ, ಒಂದು ಮರ, ಒಂದು ಬಿಸಿಲಿನ ತುಂಡು ಸಿಗುತ್ತದೆ. ಬೀದಿಯ ಜನ ತಿರುಗಿ ನೋಡುವಂಥ ಮುಖ ಇದಕ್ಕಿಲ್ಲ ಅಂತಲ್ಲ, ಅದೂ ಇದೆ. ಆದರೆ ತೊಲ್ಸಾ ತಲೆ ಓಡಿಸಿರೋದು ಒಳಗೆ.

ಅದರ ಪಾಡೂ ಸುಲಭವಾಗಿರಲಿಲ್ಲ. ಕಟ್ಟಡ ಮುಗಿಯುವ ಮೊದಲೇ ಸ್ವಾತಂತ್ರ್ಯದ ಯುದ್ಧ ಬಂತು, ಮಕ್ಕಳು ಹೊರಗೆ, ಸೈನಿಕರು ಒಳಗೆ. ಆಮೇಲೆ ಮತ್ತೆ ಮಕ್ಕಳು ಬಂದರು. 1930ರ ದಶಕದ ಕೊನೆಯಲ್ಲಿ ಹೊಸೆ ಕ್ಲೆಮೆಂತೆ ಒರೊಸ್ಕೊ ಪ್ರಾರ್ಥನಾ ಮಂದಿರದ ಗೋಡೆ, ಗುಮ್ಮಟಗಳ ಮೇಲೆಲ್ಲ ಚಿತ್ರ ಬರೆದ. ಗುಮ್ಮಟದಲ್ಲಿ ಬೆಂಕಿಯಲ್ಲಿ ಉರಿಯುವ ಮನುಷ್ಯ ಇದ್ದಾನೆ. 1980ರವರೆಗೂ ಅದು ಅನಾಥಾಲಯವೇ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಯುನೆಸ್ಕೊ ಹೊಗಳಿರುವ ಅಂಶಗಳಲ್ಲಿ ಒರೊಸ್ಕೊ ಚಿತ್ರಗಳ ಜೊತೆಗೆ, ಇರುವವರ ಕಷ್ಟ ನೋಡಿ ವಿನ್ಯಾಸ ಮಾಡಿದ್ದು ಅನ್ನೋದೂ ಇದೆ, ಅದನ್ನು ಓದಿ ನನಗೆ ನನ್ನದೇ ಕಟ್ಟಡಕ್ಕೆ ಬಹುಮಾನ ಬಂದಷ್ಟು ಖುಷಿಯಾಯಿತು.

ಅಮೆರಿಕದ ಕಥೆಗೆ ಇನ್ನೊಂದು ಮಗ್ಗುಲಿದೆ. ಅಲ್ಲಿ 1850ರ ದಶಕದಿಂದ ನ್ಯೂಯಾರ್ಕಿನ ಬೀದಿ ಮಕ್ಕಳನ್ನು ರೈಲಿನಲ್ಲಿ ಪಶ್ಚಿಮದ ಹಳ್ಳಿಗಳಿಗೆ ಕಳಿಸುವ ಪದ್ಧತಿ ಶುರುವಾಗಿತ್ತು. ಕಳಿಸುತ್ತಿದ್ದವರು ಪ್ರೊಟೆಸ್ಟೆಂಟರು, ಮಕ್ಕಳಲ್ಲಿ ಬಹಳಷ್ಟು ಐರಿಷ್ ಕ್ಯಾಥೊಲಿಕರ ಮಕ್ಕಳು. ಮಕ್ಕಳ ಜೊತೆ ಮತವೂ ಹೋಗುತ್ತದೆ ಎಂಬ ಹೆದರಿಕೆಯಿಂದ ಕ್ಯಾಥೊಲಿಕರು ತಮ್ಮದೇ ಸಂಸ್ಥೆಗಳನ್ನು ಒಂದರ ಮೇಲೊಂದು ಕಟ್ಟಿದರು. ಹಾಗಾಗಿ ಅಲ್ಲಿನ ಇಟ್ಟಿಗೆಯ ದೈತ್ಯ ಕಟ್ಟಡಗಳ ಹಿಂದೆ ಮಮತೆ ಎಷ್ಟಿತ್ತೋ ಪೈಪೋಟಿಯೂ ಅಷ್ಟೇ ಇತ್ತು. ಸಿಸ್ಟರ್ ಐರೀನ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿ 1869ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಒಂದು ಬಾಡಿಗೆ ಮನೆಯ ಬಾಗಿಲ ಒಳಗೆ ತೊಟ್ಟಿಲು ಇಟ್ಟರು, ಅವರು ಆ ಮನೆಗೆ ಬಂದ ರಾತ್ರಿಯೇ ಮೊದಲ ಮಗು ಸಿಕ್ಕಿತು. ಮುಂದೆ ಇವರೂ ರೈಲಿನಲ್ಲಿ ಮಕ್ಕಳನ್ನು ಕಳಿಸಿದರು, ಕ್ಯಾಥೊಲಿಕ್ ಮನೆಗಳಿಗೆ. 1904ರಲ್ಲಿ ಅರಿಝೋನಾದ ಗಣಿ ಊರುಗಳಿಗೆ 40 ಮಕ್ಕಳನ್ನು ಕಳಿಸಿದಾಗ ದತ್ತು ತೆಗೆದುಕೊಂಡವರು ಮೆಕ್ಸಿಕನ್ ಕ್ಯಾಥೊಲಿಕರು, ಬಿಳಿ ಮಕ್ಕಳು ಇವರ ಮನೆಯಲ್ಲಾ ಎಂದು ಅಲ್ಲಿನ ಬಿಳಿಯರು ಬಂದೂಕು ಹಿಡಿದು ಬಂದು ಮಕ್ಕಳನ್ನು ಎಳೆದುಕೊಂಡು ಹೋದರು. ಕೋರ್ಟಿಗೆ ಹೋದರೂ ಬಿಳಿಯರು ಇಟ್ಟುಕೊಂಡ ಮಕ್ಕಳು ಸಂಸ್ಥೆಗೆ ವಾಪಸ್ ಸಿಗಲಿಲ್ಲ.

ಗ್ಯಾಲ್ವೆಸ್ಟನ್ ಗುಂಪಿನವರು ಪ್ರೆಸೆಂಟೇಷನ್ ಮಾಡಿದ ದಿನ ಕ್ಲಾಸಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಟೆಕ್ಸಾಸ್‌ನ ಆ ದ್ವೀಪದ ಊರಿನಲ್ಲಿ ಹಳದಿ ಜ್ವರ ಮತ್ತೆ ಮತ್ತೆ ಬರುತ್ತಿತ್ತು. ಮಕ್ಕಳನ್ನು ಅದರಿಂದ ದೂರ ಇಡಲು ಸಿಸ್ಟರ್‌ಗಳು 1874ರಲ್ಲಿ ಸೇಂಟ್ ಮೇರೀಸ್ ಅನಾಥಾಲಯವನ್ನು ಊರಾಚೆ, ಕಡಲ ದಂಡೆಗೆ ಒಯ್ದರು. ಎರಡು ಮಾಳಿಗೆಯ ಎರಡು ಡಾರ್ಮಿಟರಿಗಳು, ಕಡಲಿನ ಕಡೆಗೆ ಮುಖ ಮಾಡಿದ ಬಾಲ್ಕನಿ, ಮುಂದೆ ಮರಳಿನ ದಿಬ್ಬ. ಆ ಕಾಲದ ವೈದ್ಯರನ್ನು ಕೇಳಿದ್ದರೂ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎನ್ನುತ್ತಿದ್ದರು. 1900ರ ಸೆಪ್ಟೆಂಬರ್ 8ರಂದು ಚಂಡಮಾರುತ ಬಂತು. ಆವತ್ತು ಒಳಗಿದ್ದವರು 93 ಮಕ್ಕಳು, 10 ಸಿಸ್ಟರ್‌ಗಳು. ಮರಳಿನ ದಿಬ್ಬ ಕರಗಿತು. ಎಲ್ಲರನ್ನೂ ಹೊಸದಾಗಿದ್ದ, ಗಟ್ಟಿಯಾಗಿದ್ದ ಹುಡುಗಿಯರ ಡಾರ್ಮಿಟರಿಗೆ ಕರೆತಂದರು, ನೀರು ಏರಿದಂತೆ ಮೇಲಿನ ಮಾಳಿಗೆಗೆ. ಹೆದರದೆ ಇರಲಿ ಅಂತ ಮೇರಿ ಮಾತೆಯ ಹಾಡು ಹಾಡಿಸಿದರು. ಬಟ್ಟೆ ಒಣಹಾಕುವ ಹಗ್ಗ ತರಿಸಿ ತುಂಡು ಮಾಡಿ, ಒಬ್ಬೊಬ್ಬ ಸಿಸ್ಟರ್ ತಮ್ಮ ಸೊಂಟಕ್ಕೆ ಆರೆಂಟು ಮಕ್ಕಳನ್ನು ಕಟ್ಟಿಕೊಂಡರು. ಕಟ್ಟಡ ಕುಸಿಯಿತು. ಒಂದು ಮರಕ್ಕೆ ಸಿಕ್ಕಿಕೊಂಡು ಬದುಕಿದವರು ಮೂವರು ಹುಡುಗರು. 90 ಮಕ್ಕಳೂ, 10 ಸಿಸ್ಟರ್‌ಗಳೂ ಹೋದರು.

"ಹಗ್ಗ ಕಟ್ಟಬಾರದಿತ್ತು ಮೇಡಂ" ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ. ಮೇಡಂ ಸುಮ್ಮನೆ ಅವನನ್ನು ನೋಡಿ, "ನೀನು ಆರ್ಕಿಟೆಕ್ಟ್ ಆಗೋನು. ಹಗ್ಗದ ವಿಚಾರ ಬಿಡು, ಸೈಟ್ ವಿಚಾರ ಮಾತಾಡು" ಅಂದರು. ಸೈಟ್ ವಿಚಾರ ಮಾತಾಡಿದರೆ ತಪ್ಪು ಯಾರದ್ದು? ಜ್ವರದಿಂದ ಉಳಿಸಲು ಹೋಗಿ ಕಡಲಿನ ಬಾಯಿಗೆ ಹತ್ತಿರ ಮಾಡಿದರು. ಊರಿನಲ್ಲಿ ಉಳಿದಿದ್ದರೆ ಬದುಕುತ್ತಿದ್ದರಾ ಅಂದರೆ ಅದೂ ಖಾತ್ರಿ ಇಲ್ಲ, ಆ ಒಂದು ರಾತ್ರಿ ಗ್ಯಾಲ್ವೆಸ್ಟನ್‌ನಲ್ಲಿ ಸತ್ತವರು ಕಡಿಮೆ ಅಂದರೂ ಆರು ಸಾವಿರ. ಅವತ್ತಿನ ಚರ್ಚೆ ಬೆಲ್ ಹೊಡೆದರೂ ಮುಗಿಯಲಿಲ್ಲ.

ಇಷ್ಟು ಓದಿದ ಮೇಲೆ ಕ್ಲಾಸಿನಲ್ಲಿ ಎರಡು ಪಕ್ಷ ಆಗಿತ್ತು. ನಾನು ಟೀಕೆ ಮಾಡುವ ಪಕ್ಷ. ನನ್ನ ರೂಮ್‌ಮೇಟ್ ಎದುರು ಪಕ್ಷ. "ಕಿಟಕಿ ಎತ್ತರ, ಜಾಲರಿ, ಕಿಂಡಿ ಅಂತ ಕೂತು ಬಯ್ತೀಯಲ್ಲ, ಅವರು ತಗೊಳ್ಳದೇ ಇದ್ದಿದ್ರೆ ಆ ಮಗು ನದಿಗೆ ಹೋಗ್ತಿತ್ತು ಅಲ್ವಾ? ಆ ಸಿಸ್ಟರ್‌ಗಳು ಸಂಬಳ ಇಲ್ಲದೆ ದುಡಿದ್ರು, ಸರ್ಕಾರಗಳು ಕೈಕಟ್ಟಿ ಕೂತಿದ್ವು." ಮಾತು ನಿಜ, ಇವತ್ತಿಗೂ ನಾನು ಅದನ್ನು ತಳ್ಳಿಹಾಕುವುದಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಮಾರ್ಗರೆಟ್ ಹಾಫರಿ ಎಂಬ ಐರಿಷ್ ಹೆಂಗಸು ಇದ್ದಳು, ತಾನೇ ಅನಾಥೆ, ಓದು ಬರಹ ಬಾರದು, ಹಾಲು ಮಾರಿ, ಆಮೇಲೆ ಬೇಕರಿ ನಡೆಸಿ ದುಡಿದಿದ್ದನ್ನೆಲ್ಲ ಅನಾಥಾಲಯಗಳಿಗೆ ಸುರಿದಳು. 1884ರಲ್ಲಿ ಊರಿನವರು ಅವಳ ಪ್ರತಿಮೆ ನಿಲ್ಲಿಸಿದರು. ಅಂಥವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ಹುಚ್ಚಾಸ್ಪತ್ರೆಗೆ ಸಿಗುವ ಸರ್ಕಾರಿ ಹಣ ಅನಾಥಾಲಯಕ್ಕೆ ಸಿಗುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಹಾಗಾಗಿ ಮಾಂಟ್ರಿಯಲ್‌ನಲ್ಲಿ ಮಕ್ಕಳ ಶಾಲೆಯಾಗಿ ಶುರುವಾಗಿದ್ದ ಮೊಂ ಪ್ರೊವಿಡಾನ್ಸ್ ಎಂಬ ಸಂಸ್ಥೆ 1955ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಬದಲಾಯಿತು. ಒಳಗಿದ್ದ ಮಕ್ಕಳು ಅದೇ ಮಕ್ಕಳು, ದಾಖಲೆಯಲ್ಲಿ ಮಾತ್ರ ರೋಗಿಗಳು. ಇಂಥ ಮಕ್ಕಳು ಕ್ವಿಬೆಕ್‌ನಲ್ಲಿ ಸಾವಿರಗಟ್ಟಲೆ. ಐರ್ಲೆಂಡ್‌ನಲ್ಲಿ ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಮಕ್ಕಳ ವಸತಿ ಶಾಲೆಗಳ ಬಗ್ಗೆ 2009ರಲ್ಲಿ ಆಯೋಗದ ವರದಿ ಬಂತು, ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯ, ಎಲ್ಲವೂ ದಶಕಗಟ್ಟಲೆ ನಡೆದಿತ್ತು. ಸುತ್ತಲಿನ ಊರಿಗೆ ಇದು ಯಾಕೆ ಕೇಳಿಸಲಿಲ್ಲ ಎಂದು ಕೇಳಿದರೆ ಒಂದು ಉತ್ತರ ಸೈಟ್ ಪ್ಲ್ಯಾನ್‌ನಲ್ಲೇ ಇರುತ್ತದೆ. ದೂರದ ಗುಡ್ಡಗಾಡು, ಎತ್ತರದ ಗೋಡೆ, ಒಂದೇ ಗೇಟು, ಗೇಟಿನ ಪಕ್ಕದಲ್ಲೇ ಶಾಲೆ ನಡೆಸುವವರ ಕೋಣೆ. ಮಗು ಯಾವ ಬಾಗಿಲಿಂದ ಬಂತು ಎಂದು ಕೇಳುವಷ್ಟೇ ಮುಖ್ಯವಾಗಿ, ಬೇಕಾದಾಗ ಯಾವ ಬಾಗಿಲಿಂದ ಹೋಗಬಹುದಿತ್ತು ಎಂದೂ ಕೇಳಬೇಕು. ಮೇಡಂ ಕೇಳದೆ ಬಿಟ್ಟಿದ್ದ ಪ್ರಶ್ನೆ ಇದೊಂದೇ, ನಾನು ಸೇರಿಸುತ್ತಿದ್ದೇನೆ.

ಈಗಿನ ಮೂರನೇ ವರ್ಷದವರಿಗೆ ಒಂದು ಮಾತು. ಆ ಶೀಟುಗಳು ಡಿಪಾರ್ಟ್‌ಮೆಂಟ್ ಬೀರುವಿನಲ್ಲಿ ರೋಲ್ ಮಾಡಿ ಇಟ್ಟಿದ್ದರು, ಗೆದ್ದಲು ಹಿಡಿಯದೆ ಉಳಿದಿದ್ದರೆ ತೆಗೆದು ನೋಡಿ. ಕಬಾನ್ಯಾಸ್ ಪ್ಲ್ಯಾನ್ ಅಂತೂ ಬಿಡಬೇಡಿ, ಅಂಗಳಗಳನ್ನು ನೀವೇ ಎಣಿಸಿ. ನಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಕಟ್ಟಡವನ್ನು ನೀವು ಮಾಡಿ ಅದಕ್ಕೆ ಸೇರಿಸಿ: ಐರ್ಲೆಂಡ್‌ನ ಲೆಟರ್‌ಫ್ರ್ಯಾಕ್. 1887ರಿಂದ 1974ರವರೆಗೆ ಅಲ್ಲಿ ಹುಡುಗರ ಇಂಥದ್ದೇ ಶಾಲೆ ಇತ್ತು, ಒಳಗೆ ನಡೆದದ್ದು ಆ 2009ರ ವರದಿಯಲ್ಲಿದೆ. ಪಕ್ಕದ ಕಾಡಿನಲ್ಲಿ ಹುಡುಗರ ಸಮಾಧಿಗಳಿವೆ. ಈಗ ಅದೇ ಜಾಗದಲ್ಲಿ ಪೀಠೋಪಕರಣ ಮಾಡುವುದನ್ನು ಕಲಿಸುವ ಕಾಲೇಜು ಇದೆ. ಓಡಾನಲ್ ಮತ್ತು ಟುಮಿ ಎಂಬ ಆರ್ಕಿಟೆಕ್ಟ್ ಜೋಡಿ ಹಳೆಯದನ್ನು ಪೂರ್ತಿ ಕೆಡವದೆ, ಹೊಸ ವರ್ಕ್‌ಶಾಪ್‌ಗಳನ್ನು ಸೇರಿಸಿ, ಜೈಲಿನ ಹಾಗಿದ್ದ ಜಾಗದ ಗತ್ತನ್ನು ಇಳಿಸಿದರು. 2004ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಆರ್ಕಿಟೆಕ್ಚರ್ ಪ್ರದರ್ಶನದಲ್ಲಿ ಐರ್ಲೆಂಡ್ ತನ್ನ ಪೆವಿಲಿಯನ್‌ನಲ್ಲಿ ಇಟ್ಟದ್ದು ಈ ಕೆಲಸವನ್ನೇ. ಹಳೆಯ ಪ್ಲ್ಯಾನ್ ಮೇಲೆ ಹೊಸ ಪ್ಲ್ಯಾನಿನ ಟ್ರೇಸಿಂಗ್ ಇಟ್ಟು, ಯಾವ ದಾರಿ ಉಳಿಯಿತು, ಯಾವುದು ಹೊಸದಾಗಿ ಬಂತು ಎಂದು ಗುರುತು ಮಾಡಿ. ಸೆಕ್ಷನ್‌ನಲ್ಲಿ ಯಾರನ್ನು ನಿಲ್ಲಿಸಬೇಕು ಅಂತ ಇನ್ನೊಮ್ಮೆ ಹೇಳಬೇಕಾ?